ಬೆಳಕಿಗಿಂತ ಜೋರು

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಹಸಿಮೆಣಸಿನಕಾಯಿ ಚಟ್ನಿಯ ಬಟ್ಟಲಿಗೂ ನಾಲ್ಕು ನಿಂಬೆಹಣ್ಣುಗಳಿಗೂ ನಡುವೆ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಬಾಟಲಿ ಇದೆ. ಅದು ನನ್ನ ಹೆಂಡತಿ ವತ್ಸಲೆಯ ಕಣ್ಣಿನ ಔಷಧ. ಯಾರದಾದರೂ ದಾರಿ ಕಾಯುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ ಎನ್ನುತ್ತೇವಲ್ಲ, ನಾವಿಬ್ಬರೂ ಹಾಗೆ ಎಷ್ಟೋ ವರ್ಷ ಕೂತೆವು. ಲೋಕದವರು ಯಾರೋ ಬರಲಿ ಎಂದು ಕಾಯುತ್ತಾರೆ, ನಾವು ಕತ್ತಲೆ ಬಾರದಿರಲಿ ಎಂದು ಕಾಯುತ್ತಿದ್ದೆವು, ವ್ಯತ್ಯಾಸ ಅಷ್ಟೇ.

ಅವಳ ರೋಗ ಗ್ಲಾಕೋಮಾ, ಇಲ್ಲಿ ಪುಣೆಯಲ್ಲಿ ಅದಕ್ಕೆ ಕಾಚಬಿಂದು ಎನ್ನುತ್ತಾರೆ. ಕಣ್ಣಿನೊಳಗಿನ ಒತ್ತಡ ಏರಿ, ಹಿಂದಿರುವ ನರ ಸಾಯುತ್ತ ಹೋಗುತ್ತದೆ, ಸತ್ತದ್ದು ಮತ್ತೆ ಬದುಕುವುದಿಲ್ಲ. ಕಳ್ಳ ಮುಂಬಾಗಿಲಿಂದ ಬಂದರೆ ಕೂಗಾಡಬಹುದು, ಇದು ಬರುವುದು ಅಂಚಿನಿಂದ. ರೊಟ್ಟಿಯನ್ನು ಸುತ್ತಲೂ ಮುರಿದು ತಿನ್ನುತ್ತ ನಡುವಿನ ಮೆತ್ತನೆಯ ಭಾಗವನ್ನು ಕೊನೆಗೆಂದು ಉಳಿಸಿಕೊಳ್ಳುವ ಮಕ್ಕಳ ಹಾಗೆ, ಇದೂ ನೋಟದ ಅಂಚನ್ನು ಮೊದಲು ತಿಂದು ನಡುವಿನದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ವತ್ಸಲೆಯ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನಲ್ಲಿ ಒಂದು ಕಿಂಡಿಯಷ್ಟು ಉಳಿದಿತ್ತು. ಆ ಕಿಂಡಿ ಎಷ್ಟು ದಿನ ತೆರೆದಿರುತ್ತದೆಂದು ಯಾರೂ ಹೇಳಲಾರರು, ಒಮ್ಮೊಮ್ಮೆ ಸೂಚನೆಯನ್ನೂ ಕೊಡದೆ ಮುಚ್ಚಿಬಿಡುತ್ತದೆ ಎಂದು ಡಾಕ್ಟರು ಮರಾಠಿಯಲ್ಲಿ, ತುಂಬ ಮೆತ್ತಗಿನ ದನಿಯಲ್ಲಿ ಹೇಳಿದ್ದರು. ಆ ಮೆತ್ತಗಿನ ದನಿಯಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ವತ್ಸಲೆ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ನಮ್ಮ ವಾಕಡ ಬಡಾವಣೆಯ ಹೌಸಿಂಗ್ ಸೊಸೈಟಿಯ ಉಳಿದ ಹೆಂಗಸರು ಭಜನಾ ಮಂಡಳಿ ಸೇರಿದರೆ, ಇವಳು ಅಂತರಿಕ್ಷ ಸೇರಿದಳು. ತರಗತಿಯಲ್ಲಿ ಹುಡುಗರು ಪಾಠ ಬಿಟ್ಟು ಮಾತಾಡಿಕೊಳ್ಳುತ್ತಿದ್ದ ಯಾವುದೋ ಕಂಪ್ಯೂಟರ್ ಆಟ ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು. ಅದರಲ್ಲಿ ಒಂದು ಹಡಗು ನಮ್ಮದು. ಒಂದು ಸೂರ್ಯ, ಅದರ ಸುತ್ತ ಗ್ರಹಗಳು, ಗ್ರಹಗಳ ಸುತ್ತ ನಿಲ್ದಾಣಗಳು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕು, ಸರಕು ಇಳಿಸಬೇಕು, ಮತ್ತೆ ಹೋಗಬೇಕು. ನೋಡಿದರೆ ನಮ್ಮ ಎಸ್‌.ಟಿ. ಬಸ್ಸಿನ ಡ್ರೈವರನ ಕೆಲಸವೇ, ಟೀ ಒಂದು ಇಲ್ಲ. ಬೇರೆ ಆಟಗಳಲ್ಲಿ ವೈರಿಗಳು ಅಕ್ಕಪಕ್ಕದಿಂದ ನುಗ್ಗುತ್ತಾರಂತೆ, ಅಕ್ಕಪಕ್ಕವೇ ಇಲ್ಲದವಳು ಅವನ್ನು ಆಡುವುದು ಹೇಗೆ? ಇಲ್ಲಿಯಾದರೆ ಸುತ್ತಲಿನ ಕತ್ತಲೆ ಎಲ್ಲರಿಗೂ ಸಮಾನ. ನಡುವೆ ಒಂದು ಚುಕ್ಕಿ ಕಂಡರೆ ಸಾಕು, ಅದರತ್ತ ಮೂಗು ತಿರುಗಿಸಿ ಹೊರಡಬಹುದು.

ಹೊರಡುವುದೆಂದರೆ ಎಂಥ ಹೊರಡುವುದು! ಮೊದಲ ದಿನ ಅವಳೇ ನಾಚಿಕೊಂಡು ಹೇಳಿದಳು: “ಬೆಳಕಿಗಿಂತ ಜೋರು ಏನೂ ಹೋಗಂಗಿಲ್ಲ ಅಂತ ನೌಕರಿ ಇರೂತನಕ ಪಾಠ ಹೇಳೇನ್ರಿ. ಈಗ ನಾನೇ ಹೊಂಟೀನಿ ನೋಡ್ರಿ.” ಬರಿದಾದ ಬಯಲಿಗೆ ಬಂದರೆ ಆ ಹಡಗು ಬೆಳಕಿನ ನೂರಾರು ಪಟ್ಟು ಓಡುತ್ತದೆ. ನಾನೋ ವಿಜಯಪುರದ ಬಸ್ಸು ಹಿಡಿಯಲು ವಾಕಡದಿಂದ ಸ್ವಾರಗೇಟಕ್ಕೆ ಹೊರಟರೆ, ಅರ್ಧ ದಾರಿಯಲ್ಲಿ ರಿಕ್ಷಾದವನೂ ನಾನೂ ಒಂದೇ ಮನೆತನದವರಾಗುವಷ್ಟು ಹೊತ್ತು ಸಿಗ್ನಲ್ಲಿನಲ್ಲಿ ಕೂರುವವನು. ಅಂಥವನ ಹೆಂಡತಿ ಊಟವಾದ ಮೇಲೆ ಕೂತಲ್ಲೇ ಮೂರು ಗ್ರಹ ಸುತ್ತಿ ಬರುತ್ತಾಳೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಶೇಂಗಾ ಸುಲಿಯುತ್ತ ನೋಡುವುದು ನನ್ನ ಪಾಲಿಗೆ ಬಂದ ಕೆಲಸ.

ನೋಡಿ ನೋಡಿ ನನಗೂ ಒಂದಿಷ್ಟು ತಿಳಿಯಿತು. ಆ ವೇಗದ ಪ್ರಯಾಣದಲ್ಲಿ ಹೋಗುವುದು ಕಷ್ಟವಲ್ಲ, ನಿಲ್ಲುವುದು ಕಷ್ಟ. ಕಂಪ್ಯೂಟರಿನ ತೆರೆಯ ಮೂಲೆಯಲ್ಲಿ, ಇದೇ ವೇಗದಲ್ಲಿ ಹೋದರೆ ತಲುಪಲು ಇನ್ನೆಷ್ಟು ಸೆಕೆಂಡು ಎಂದು ತೋರಿಸುವ ಅಂಕಿ ಇಳಿಯುತ್ತ ಬರುತ್ತದೆ. ಏಳು ಎಂದು ಕಂಡ ಕೂಡಲೇ ಮೇಜಿನ ಮೇಲಿನ ವೇಗದ ಲಿವರನ್ನು ಹಿಂದಕ್ಕೆ ಎಳೆಯಬೇಕು. ಇನ್ನೂ ದೂರವಿದೆ, ಇಷ್ಟು ಬೇಗ ಏಕೆ ನಿಧಾನಿಸಲಿ ಎಂದು ಆಸೆಪಟ್ಟು ಆರಕ್ಕೋ ಐದಕ್ಕೋ ಎಳೆದರೆ ಮುಗಿಯಿತು, ನಿಲ್ದಾಣ ಪಕ್ಕದಲ್ಲೇ ಸರ್ರನೆ ಹಿಂದೆ ಹೋಗುತ್ತದೆ, ದೊಡ್ಡದೊಂದು ಸುತ್ತು ಹಾಕಿ ಮರಳಬೇಕು. ಹೊಸಬರೆಲ್ಲರೂ ಮಾಡುವ ತಪ್ಪಂತೆ ಇದು. ಹಳಬರೂ ಮಾಡುತ್ತಾರೆಂದು ನನ್ನ ಅನುಮಾನ, ಏಕೆಂದರೆ ಬದುಕಿನಲ್ಲಿ ನಾನು ಕಂಡ ಎಲ್ಲ ಹಳಬರೂ, ಇನ್ನೂ ಹೊತ್ತಿದೆ ಇನ್ನೂ ಹೊತ್ತಿದೆ ಎನ್ನುತ್ತಲೇ ಎಲ್ಲವನ್ನೂ ದಾಟಿ ಹೋದವರು.

ಒಂದು ಮಧ್ಯಾಹ್ನ ಶೇಂಗಾದ ಸಿಪ್ಪೆ ಎಸೆದು ಬಂದು ಕೂರುವಾಗ ಅವಳ ಮುಖ ನೋಡಿದೆ. ಎರಡೂ ಕಣ್ಣು ಮುಚ್ಚಿದ್ದವು. ನಿದ್ದೆ ಹೋದಳೆಂದುಕೊಂಡೆ, ಆದರೆ ಕೈ ಆಡುತ್ತಿತ್ತು. ಹಡಗು ಒಂದು ಗ್ರಹದ ಹತ್ತಿರ ಬಂದು, ಎಂಜಿನ್ನಿನ ದನಿ ಏರುಗತಿ ಬಿಟ್ಟು ಗುಂಯ್ಯೆಂದು ಭಾರವಾಯಿತು. ಭಾರಿ ಗ್ರಹದ ಸಮೀಪ ಹಡಗು ತಾನಾಗಿಯೇ ನಿಧಾನವಾಗುತ್ತದೆ, ಆ ದನಿಯನ್ನು ಹಿಡಿದೇ ಇವಳು ಲಿವರ್ ಎಳೆದಳು. ಹಡಗು ನಿಲ್ದಾಣದ ಎದುರಿಗೆ ಹೋಗಿ ನಿಂತಿತು. ಆಗ ಕಣ್ಣು ತೆರೆದು, ಸರಿಯಾಗಿದೆಯೇ ಎಂದು ನೋಡಿ, ಮತ್ತೆ ಮುಚ್ಚಿಕೊಂಡಳು.

ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ, ಎಲ್ಲಿಲ್ಲದ ಸಿಟ್ಟು. ಉಳಿದಿರುವುದು ಒಂದು ಕಿಂಡಿ, ಅದನ್ನು ನಾವು ಹನಿ ಹನಿಯಾಗಿ ಕಾಯುತ್ತಿದ್ದೇವೆ, ಇವಳು ಅದನ್ನೂ ಮುಚ್ಚಿಕೊಂಡು ಕೂತಿದ್ದಾಳೆ.

“ಕಣ್ಣು ಅದ ಅಲ್ಲ ಇನ್ನೂ? ನೋಡೂದು ಬಿಟ್ಟು ಇದೇನು ಹುಚ್ಚಾಟ?” ಎಂದೆ.

“ಅದ ಅಂತನ ಈಗ ಮುಚ್ಚಿ ಕಲೀಲಿಕ್ಕತ್ತೀನ್ರಿ,” ಎಂದಳು ವತ್ಸಲೆ. “ಈಗ ತಪ್ಪಿದ್ರ ತೆರದು ನೋಡಬಹುದು. ಆಮ್ಯಾಲೆ ತಪ್ಪಿದ್ರ ಯಾರಿಗೆ ಕೇಳ್ಲಿ?”

“ನಾ ಇಲ್ಲೇನು? ನನಗ ಕೇಳು.”

“ನಿಮಗ ಕೇಳಿದ್ರ ನೀವು ಖರೇ ಹೇಳಂಗಿಲ್ಲ. ಎಲ್ಲಾ ಚಲೋ ಅದ ಅಂತೀರಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ, ಪದಾರ್ಥದ ಗುಣಧರ್ಮ ಹೇಳುವ ಹಾಗೆ ಹೇಳಿದಳು. ತಪಾಸಣೆಗೆ ಹೋಗಿ ಬಂದಾಗಲೆಲ್ಲ, ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಹೇಳಿದ್ದನ್ನು ಅರ್ಧಕ್ಕರ್ಧ ನುಂಗಿ, ಉಳಿದರ್ಧಕ್ಕೆ ಸಕ್ಕರೆ ಸವರಿ ಕೊಡುವವನು ನಾನೇ. ಅದು ಅವಳಿಗೆ ಗೊತ್ತಿಲ್ಲವೆಂದು ನಂಬಿದ್ದವನೂ ನಾನೇ. ಆ ದಿನದಿಂದ ಅವಳು ಸುಮ್ಮನೆ ಆಡುತ್ತಿಲ್ಲ, ಬರಲಿರುವ ಕತ್ತಲೆಯಲ್ಲಿ ಓಡಾಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾಳೆ ಎಂದು ತಿಳಿದೇ ಪಕ್ಕದಲ್ಲಿ ಕೂತೆ.

ಒಮ್ಮೆ ನಾನು, ಮಾತು ಬದಲಿಸಲೆಂದೇ, ನಿಜಕ್ಕೂ ಯಾರಾದರೂ ಬೆಳಕಿಗಿಂತ ಜೋರಾಗಿ ಹೋದರೆ ಅವರಿಗೆ ಏನು ಕಂಡೀತು ಎಂದು ಕೇಳಿದೆ. ಅವಳು ಒಲೆಯ ಮುಂದೆ ಬೇಳೆ ಬೆಂದಿದೆಯೇ ಎಂದು ಬೆರಳಿನಿಂದ ಹಿಸುಕಿ ನೋಡುತ್ತಿದ್ದಳು. “ಹಂಗ ಹೋಗ್ಲಿಕ್ಕೇ ಬರಂಗಿಲ್ಲ. ಹೋದ್ರು ಅಂತ ತಿಳಕೋರಿ, ಹಿಂದ ಬಿಟ್ಟದ್ದು ಏನೂ ಕಾಣಂಗಿಲ್ಲ. ಅಲ್ಲಿಂದ ಹೊಂಟ ಬೆಳಕು ಅವರನ್ನ ಮುಟ್ಟೂದೇ ಇಲ್ಲ” ಎಂದಳು. ಬೇಳೆ ಬೆಂದಿತ್ತು, ಅವಳು ಒಗ್ಗರಣೆಗೆ ತಿರುಗಿದಳು, ನನ್ನ ತಲೆಯಲ್ಲಿ ಮಾತ್ರ ಆ ಮಾತು ಉಳಿಯಿತು. ಈ ಅಡುಗೆಮನೆಯ ಟ್ಯೂಬ್‌ಲೈಟು, ಬಾಲ್ಕನಿಯಲ್ಲಿ ಒಣಗುವ ಅವಳ ಹಳದಿ ಸೀರೆ, ಅವಳಿಗಾಗಿ ಆಸೆಯಿಂದ ಎಣ್ಣೆ ಹಚ್ಚಿ ಬಾಚಿಕೊಳ್ಳುವ ನನ್ನ ನಾಲ್ಕು ಬಿಳಿಕೂದಲು, ಇವುಗಳಿಂದೆಲ್ಲ ಬೆಳಕು ದಿನವೂ ಅವಳತ್ತ ಹೊರಡುತ್ತದೆ, ದಿನವೂ ಇನ್ನಷ್ಟು ಹಿಂದೆ ಬೀಳುತ್ತದೆ. ನನ್ನ ಮುಖ ಅವಳಿಗೆ ಕೊನೆಯ ಸಲ ಕಾಣುವಾಗ ನಾನು ಏನು ಮಾಡುತ್ತಿರುತ್ತೇನೋ, ಸಿಡುಕುತ್ತಿರುತ್ತೇನೋ ಎಂಬ ಭಯ ಹತ್ತಿ, ಎಷ್ಟೋ ದಿನ ಸುಮ್ಮಸುಮ್ಮನೆ ನಗುಮುಖ ಹೊತ್ತು ತಿರುಗಿದೆ. ಮುಪ್ಪಿನಲ್ಲಿ ಅದೂ ದವಡೆನೋವಿನ ಕೆಲಸವೇ.

ನಗುಮುಖ ಉಪಯೋಗಕ್ಕೆ ಬರಲಿಲ್ಲ. ಒಂದು ದಿನ ಮಧ್ಯಾಹ್ನ ಅವಳು ಎಂದಿನಂತೆ ಕಣ್ಣು ಮುಚ್ಚಿ ಹಡಗು ಬಿಟ್ಟಿದ್ದಳು. ದೂರದ ನಿಲ್ದಾಣ, ಉದ್ದ ಪ್ರಯಾಣ. ನಡುದಾರಿಯಲ್ಲಿ ದಿಕ್ಕು ಸರಿ ಇದೆಯೇ ಎಂದು ನೋಡಲು ಕಣ್ಣು ತೆರೆದಳು. ತೆರೆದವಳು ಮುಖವನ್ನು ತೆರೆಯ ಹತ್ತಿರ ಒಯ್ದಳು, ಹಿಂದೆ ತಂದಳು, ಕಣ್ಣು ಒರೆಸಿಕೊಂಡಳು.

“ಕರೆಂಟ್ ಹೋತೇನ್ರೀ?” ಎಂದಳು.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಎದುರಿಗೆ ತೆರೆ ಉರಿಯುತ್ತಿತ್ತು, ನಡುವೆ ಅವಳು ಹೋಗಬೇಕಾದ ಚುಕ್ಕಿ ಎಂದಿಗಿಂತ ಸ್ಪಷ್ಟವಾಗಿತ್ತು. ಕಿಟಕಿಯ ಬಿಸಿಲು ಅವಳ ಕೈಯ ಮೇಲೆಯೇ ಬಿದ್ದಿತ್ತು.

“ಹೂಂ,” ಎಂದೆ. “ಈಗ ಹೋತು.”

ಅವಳು ಮುಖ ಎತ್ತಿ ಫ್ಯಾನಿನ ಗಾಳಿಗೆ ಒಡ್ಡಿದಳು. ಎಂಜಿನ್ನು ಒಂದೇ ಸಮ ಹಾಡುತ್ತಿತ್ತು. ಆ ಸಂಜೆಯೇ ಆಸ್ಪತ್ರೆಗೆ ಓಡಿದೆವು, ಅಲ್ಲಿ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ಇನ್ನು ಆ ಕಿಂಡಿ ತೆರೆಯುವುದಿಲ್ಲ ಎಂಬುದನ್ನು ಈ ಸಲ ಒಳಗೆ ಕರೆಯದೆ ಇಬ್ಬರಿಗೂ ಹೇಳಿದರು. ಆದರೆ ಅದು ಸಂಜೆಯ ಮಾತು. ಆ ಮಧ್ಯಾಹ್ನ ಅವಳು ನನ್ನ ಕಡೆ ತಿರುಗಲಿಲ್ಲ, ಅಳಲಿಲ್ಲ, ಸುಳ್ಳು ಹೇಳಿದಿರಿ ಎನ್ನಲೂ ಇಲ್ಲ. ಬೆರಳಿನಿಂದ ತಡವಿ ವೇಗದ ಲಿವರನ್ನು ಹಿಡಿದುಕೊಂಡಳು.

“ಇವತ್ತ ನನಗ ದನಿ ತಿಳೀವಲ್ದು,” ಎಂದಳು. “ಎಷ್ಟದ ಓದ್ರಿ.”

ನಾನು ಅಂಕಿ ಓದತೊಡಗಿದೆ. ಇಪ್ಪತ್ತು. ಹದಿನೆಂಟು. ಹದಿನೈದು. ಬಾಳಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳುತ್ತಿರುವುದು ಇದೇ ಮೊದಲೇನೋ ಅನ್ನಿಸಿತು. ಹನ್ನೊಂದು. ಒಂಬತ್ತು. ಎಂಟು ಎಂದವನಿಗೆ ಮುಂದಿನ ಅಂಕಿ ಕಣ್ಣೆದುರೇ ಕಂಡಿತು, ಆದರೆ ಏಳು ಎಂಬ ಮಾತು ಬಾಯಿಂದ ಹೊರಡಲಿಲ್ಲ. ಅವಳು ಲಿವರ್ ಹಿಡಿದುಕೊಂಡು ಕಾಯುತ್ತಲೇ ಇದ್ದಳು. ನಿಲ್ದಾಣ ಪಕ್ಕದಲ್ಲೇ ಸರ್ರನೆ ಹಿಂದೆ ಹೋಯಿತು.

“ದಾಟಿದೆವೇನು?” ಎಂದು ಕೇಳಿದಳು.

ಇಲ್ಲ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು.

“ದಾಟಿದೆವು,” ಎಂದೆ. “ನಾ ಹೇಳಲಿಲ್ಲ. ನನ್ನ ತಪ್ಪು.”

“ಇರ್ಲಿ. ಸುತ್ತು ಹಾಕಿ ತರೋಣು,” ಎಂದು ಅವಳು ಹಡಗನ್ನು ತಿರುಗಿಸತೊಡಗಿದಳು. “ಈ ಸಲ ಗಟ್ಟ್ಯಾಗಿ ಹೇಳ್ರಿ.”

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಮತ್ತೆ ಓದತೊಡಗಿದೆ.