ಕ್ಯಾಮೆರಾದ ಮುಂದೊಂದು ಮಂಡಕ್ಕಿ ತಟ್ಟೆ

ಸಾಕ್ಷ್ಯಚಿತ್ರ ನೋಡುತ್ತ ಖಾರ ಮಂಡಕ್ಕಿ ತಿನ್ನಬಾರದೆಂಬ ಜ್ಞಾನೋದಯ ನನಗಾದದ್ದು ಅರವತ್ತು ದಾಟಿದ ಮೇಲೆ. ಮಾಮೂಲಿ ಸಿನಿಮಾ ಬಹಳ ಉದಾರಿ. ಅದರ ಹಾಡು, ಹೊಡೆದಾಟ, ನಾಯಕನ ಆರ್ಭಟಗಳ ಮರೆಯಲ್ಲಿ ನೀವು ಒಂದು ಪೊಟ್ಟಣವನ್ನು ನಿರಾತಂಕವಾಗಿ ಮುಗಿಸಬಹುದು. ಸಾಕ್ಷ್ಯಚಿತ್ರದಲ್ಲಾದರೋ ವೃದ್ಧೆಯೊಬ್ಬರು ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತುಬಿಡುತ್ತಾರೆ. ಆ ಗಂಭೀರ ಮೌನದಲ್ಲಿ ನಿಮ್ಮ ಬಾಯೊಳಗಿನ ಕುರುಕುರು ಇಡೀ ಸಭಾಂಗಣಕ್ಕೆ ಪ್ರಸಾರವಾಗುತ್ತದೆ. ದಾವಣಗೆರೆಯವನಾದ ನನಗೆ ಇದು ಧರ್ಮಸಂಕಟವೇ ಸರಿ.

ಮೊನ್ನೆ ಹರಿಹರದಲ್ಲಿ, ಹೊಳೆಯ ಹತ್ತಿರದ ಸಣ್ಣ ಸಭಾಂಗಣದಲ್ಲಿ ನಾನು ಹೀಗೆ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆ. ತೆರೆಯ ಮೇಲೆ ಬರಬೇಕಿದ್ದ ವೃದ್ಧೆ ನಮ್ಮ ಸರೋಜ ಚಿಕ್ಕಮ್ಮ. ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು.

ನಾಟಕ ಕಂಪನಿಯೊಂದು ದಾವಣಗೆರೆಯಲ್ಲಿ ಕ್ಯಾಂಪು ಹಾಕಿದ್ದಾಗ ಅದರ ನಾಯಕಿಯಾಗಿ ಬಂದವರು ಅವರು. ಕಂಪನಿ ಮುಂದಿನ ಊರಿಗೆ ಹೋಯಿತು, ಚಿಕ್ಕಮ್ಮ ನಮ್ಮ ಚಿಕ್ಕಪ್ಪನನ್ನು ಮದುವೆಯಾಗಿ ಇಲ್ಲೇ ಉಳಿದರು. ವ್ಯಾಪಾರಸ್ಥರಾದ ನಮ್ಮ ಮನೆಯವರು ನಟಿಯನ್ನು ಸೊಸೆಯಾಗಿ ಒಪ್ಪಿಕೊಂಡರೇ ಹೊರತು ಹೊರಗೆ ಹೇಳಿಕೊಳ್ಳಲಿಲ್ಲ. ಯಾವ ಕಡೆಯವರೆಂದು ಯಾರಾದರೂ ಕೇಳಿದರೆ "ಗದಗಿನ ಕಡೆಯೋರ್ರಿ" ಎಂದು ಸುಳ್ಳು ಹೇಳಿಬಿಟ್ಟು, ಎರಡನೆಯ ಪ್ರಶ್ನೆ ಹುಟ್ಟುವ ಮೊದಲೇ ಅವರ ಮುಂದೆ ಮಂಡಕ್ಕಿ ಮಿರ್ಚಿ ತಟ್ಟೆ ಇಡುವುದು ನಮ್ಮ ಮನೆಯ ಪದ್ಧತಿ. ಬಾಯಿ ತುಂಬಿದವರು ಪ್ರಶ್ನೆ ಕೇಳುವುದು ಕಷ್ಟ. ಊರವರು ಇದನ್ನು ಅತಿಥಿಸತ್ಕಾರವೆಂದು ಹೊಗಳುತ್ತ ಬಂದಿದ್ದಾರೆ.

ಹೀಗಿರಲು ನಂದಿನಿ ಎಂಬ ಹುಡುಗಿ ಕ್ಯಾಮೆರಾ ಹೊತ್ತು ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಬಂದಳು. ಕಂಪನಿಗಳೊಡನೆ ಊರೂರು ಅಲೆದು, ಕೊನೆಗೆ ಯಾವುದೋ ಪರವೂರಿನ ಸಂಸಾರದಲ್ಲಿ ಸೇರಿಹೋದ ಕಲಾವಿದೆಯರ ಬಗ್ಗೆ ಅವಳ ಚಿತ್ರ. ಚಿಕ್ಕಮ್ಮ ಮರುಮಾತಿಲ್ಲದೆ ಒಪ್ಪಿದರು. ದಿಗಿಲಾದದ್ದು ನಮ್ಮಣ್ಣನಿಗೆ; ಅವನ ಮೊಮ್ಮಗಳನ್ನು ಆಗಷ್ಟೇ ಹರಿಹರದ ಹಿರಿಯರೊಬ್ಬರು ತಮ್ಮ ಮನೆಗೆ ಸೊಸೆಯಾಗಿ ಕೇಳಿದ್ದರು. "ಅಡಿಗೆ, ಪೂಜೆ ಬಗ್ಗೆ ಏನಾರ ಹೇಳ್ಲಿ. ಕಂಪ್ನಿ ಮಾತು ಮಾತ್ರ ಬ್ಯಾಡ. ನೀನು ಪಕ್ಕದಾಗೆ ಕೂತ್ಕ" ಎಂದು ನನ್ನನ್ನು ಕಾವಲಿಗೆ ನೇಮಿಸಿದ. ಕಾಲೇಜಿನಲ್ಲಿ ಸಾಹಿತ್ಯ ಬೋಧಿಸಿ, ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಬಿಗಿದು ನಿವೃತ್ತನಾದ ನಾನು ತೆಪ್ಪಗೆ ಒಪ್ಪಿಕೊಂಡೆ.

ಮೊದಲ ಸಲ ಬಣ್ಣ ಹಚ್ಚಿದ್ದು ಯಾವಾಗ ಎಂದು ನಂದಿನಿ ಕೇಳುತ್ತಲೇ ನಾನು ತಟ್ಟೆ ಮುಂದೆ ಮಾಡಿದೆ. "ಮೊದ್ಲು ಮಂಡಕ್ಕಿ ತಿನ್ರಿ, ಮೆತ್ತಗಾಗ್ತೈತೆ." ಪಾತ್ರಗಳ ಬಗ್ಗೆ ಕೇಳಿದಾಗ ಮಿರ್ಚಿ, ಚಿಕ್ಕಪ್ಪನ ಬಗ್ಗೆ ಕೇಳಿದಾಗ ಚಾ. ಪಾಪ, ಮರ್ಯಾದಸ್ಥ ಹುಡುಗಿ, ಎಲ್ಲವನ್ನೂ ತಿಂದು ಕುಡಿದಳು. ಕಡೆಗೆ ಒಂದು ರಂಗಗೀತೆ ಹಾಡುತ್ತೀರಾ ಎಂದಳು. ನನ್ನ ಕೈ ಮತ್ತೆ ತಟ್ಟೆಗೆ ಹೋಯಿತು. ಚಿಕ್ಕಮ್ಮ ಅದನ್ನು ಕಿತ್ತುಕೊಂಡು ನನ್ನ ತೊಡೆಯ ಮೇಲೇ ಇಟ್ಟರು.

"ಈಗ ನೀ ತಿನ್ನಪ್ಪಾ. ಬಂದೋರಿಗೆಲ್ಲ ತಿನ್ಸಿ ತಿನ್ಸಿ ನನ್ನ ಬಾಯಿ ಮುಚ್ಚಿದ್ದು ಸಾಕು. ನಾನು ಕಂಪ್ನಿಯಾಕಿ."

ಹರಿಹರದ ತೆರೆಯ ಮೇಲೆ ಇದೆಲ್ಲವೂ ಬಂತು. ನಂದಿನಿ ಒಂದನ್ನೂ ಕತ್ತರಿಸಿರಲಿಲ್ಲ. ನನ್ನ ಕೈ ಮತ್ತು ತಟ್ಟೆ ಮತ್ತೆ ಮತ್ತೆ ಚೌಕಟ್ಟಿನೊಳಗೆ ನುಗ್ಗಿದಾಗಲೆಲ್ಲ ಜನ ನಕ್ಕರು, ನಾನೂ ನಕ್ಕೆ. ಚಿಕ್ಕಮ್ಮನ ಮಾತು ಬಂದಾಗ ಮಾತ್ರ ನಾಚಿಕೆಯಿಂದ ತಲೆ ತಗ್ಗಿಸಿದೆ. ಆಮೇಲೆ ಹಾಡು. ಮುಪ್ಪಿನ ಧ್ವನಿ ಅಲ್ಲಲ್ಲಿ ಬಿರುಕು ಬಿಟ್ಟರೂ ಶ್ರುತಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ದೀಪ ಹತ್ತಿದ ಮೇಲೆ ಹೆಣ್ಣು ಕೇಳಿದ್ದ ಆ ಹರಿಹರದ ಹಿರಿಯರೇ ಎದ್ದು ನಮ್ಮತ್ತ ಬಂದರು. ಅವರೂ ಬಂದಿದ್ದಾರೆಂದು ನಮಗೆ ಗೊತ್ತಿರಲಿಲ್ಲ.

"ಗದಗಿನ ಕಡೆಯೋರು ಅಂದಿದ್ರಲ್ರಿ?"

ಅಭ್ಯಾಸಬಲದಿಂದ ನಾನು ಪೊಟ್ಟಣವನ್ನು ಅವರತ್ತ ಚಾಚಿದೆ. ಅಣ್ಣ ನನ್ನ ಕೈ ಹಿಡಿದು ಹಿಂದಕ್ಕೆ ಸರಿಸಿದ.

"ಅಂದಿದ್ವಿ. ಅದು ಸುಳ್ಳು. ನಮ್ಮ ಚಿಕ್ಕಮ್ಮ ಕಂಪ್ನಿಯೋರ್ರಿ. ಇನ್ನೇನು ಕೇಳ್ಬೇಕೋ ಕೇಳ್ರಿ."

ಹಿರಿಯರು ಅಣ್ಣನನ್ನು ಬಿಟ್ಟು ಚಿಕ್ಕಮ್ಮನ ಎದುರಿನ ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದು ಹಾಡು ಹೇಳ್ತೀರೇನ್ರಿ, ಅಮ್ಮಾ?"

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡರು. ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಒಂದು ಹಿಡಿ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡೆ. ಹೊಳೆಗಾಳಿಗೆ ಅದು ಮೆತ್ತಗಾಗಿತ್ತು. ಎಷ್ಟು ಅಗಿದರೂ ಸದ್ದು ಬರಲಿಲ್ಲ.