ನೀರುಗಂಟಿ ರಾಚಯ್ಯ ಜಲಪಾತಕ್ಕೆ ಹೋದದ್ದು

ದೇವನೂರಿನ ಕಡೆ ನಾಲೆಯ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಹಂಚುವ ನೀರುಗಂಟಿಯಾಗಿ ರಾಚಯ್ಯ ಮೂವತ್ತೊಂದು ವರ್ಷ ದುಡಿದ. ಕತ್ತಲಲ್ಲೂ ಏರಿಯ ಮೇಲೆ ನಿಂತು, ಯಾವ ತೂಬು ಎಷ್ಟು ತೆರೆದಿದೆಯೆಂದು ನೀರಿನ ಸದ್ದು ಕೇಳಿಯೇ ಹೇಳುತ್ತಿದ್ದ. ಗುದ್ದಲಿ ಹಿಡಿದು ಜಗಳಕ್ಕೆ ಬಂದವರೂ ಆ ಮಾತಿಗೆ ಸುಮ್ಮನಾಗುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ, ಸಂಕ್ರಾಂತಿಯ ಹೊತ್ತಿಗೆ ದೃಷ್ಟಿ ಪೂರ್ತಿ ಹೋಗಬಹುದು ಎಂದರು. ಆಗಲೇ ಅವನಿಗೆ ಸುತ್ತಲೂ ಕತ್ತಲು, ನಡುವೆ ಕಿಟಕಿಯಷ್ಟು ಬೆಳಕು. ಮೂರು ದಿನ ಕಳೆದ ಮೇಲೆ ಮಗ ನಂಜೇಶನನ್ನು ಕರೆದು ಒಂದೇ ಆಸೆ ಹೇಳಿದ. ಬದುಕಿಡೀ ತಡೆದ, ತಿರುಗಿಸಿದ ನೀರನ್ನೇ ಕಂಡಿದ್ದಾಯಿತು. ಯಾರ ಅಪ್ಪಣೆಗೂ ಕಾಯದೆ ಬೀಳುವ ನೀರನ್ನು ಒಮ್ಮೆ ನೋಡಬೇಕು.

ತಾನು ದುಡಿಯುತ್ತಿದ್ದ ತಾಂಡ್ಯದ ಫ್ಯಾಕ್ಟರಿಗೆ ರಜೆ ಹಾಕಿ ನಂಜೇಶ ಅಪ್ಪನನ್ನು ಜಲಪಾತವಿರುವ ಬೆಟ್ಟದ ಕಾಡಿಗೆ ಕರೆದೊಯ್ದ. ಮಧ್ಯಾಹ್ನವಾದರೆ ಮಂಜು ಕವಿಯುತ್ತದೆ, ಬೇಗ ಹತ್ತಿ ಎಂದು ಕೆಳಗೇ ಫಾರೆಸ್ಟ್ ಗಾರ್ಡು ಎಚ್ಚರಿಸಿದ್ದ. ದಾರಿ ಗೋಡೆಯಂತೆ ಕಡಿದಾಗಿತ್ತು. ಬೇರು ಹಿಡಿದು, ಮಗನ ಭುಜ ಹಿಡಿದು ರಾಚಯ್ಯ ಹತ್ತಿದ. ಅರ್ಧ ದಾರಿಯಲ್ಲಿ ಝರಿಯೊಂದು ಪಾತ್ರ ಬಿಟ್ಟು ಕಾಲುದಾರಿಗೇ ನುಗ್ಗಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕಲ್ಲು ಜೋಡಿಸಿ ಮಣ್ಣು ಮೆತ್ತತೊಡಗಿದ.

“ಬುಡಪ್ಪ, ಇದೇನು ನಮ್ಮ್ ನಾಲೆಯಾ? ಮಂಜು ಬಂದ್ಬುಡ್ತದೆ.”

“ನೀರು ದಾರೀಲಿ ಓಯ್ತಾ ಅದೆ ಕಣ್ಲಾ. ಇಂದ್ಗಡೆ ಬರೋರು ಜಾರಿ ಬೀಳ್ತಾರೆ.”

ಒಡ್ಡು ಎರಡು ಸಲ ಕೊಚ್ಚಿಹೋಯಿತು. ಮೂರನೆಯ ಸಲ ನಿಂತು, ನೀರು ಪಕ್ಕದ ಹಳ್ಳಕ್ಕೆ ತಿರುಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಮೇಲೆ ತಲುಪಿದಾಗ ಕಣಿವೆ ತುಂಬ ಮಂಜು. ಭೋರ್ಗರೆತದ ಹೊರತು ಏನೂ ಇಲ್ಲ. ಇನ್ನೊಮ್ಮೆ ಬರೋಣ ಎನ್ನಲು ಹೊರಟ ನಂಜೇಶ, ಡಾಕ್ಟರ ಮಾತು ನೆನಪಾಗಿ, ಅಪ್ಪನ ಕೈಯನ್ನು ಅಂಚಿನ ಕಂಬಿಯ ಮೇಲಿಟ್ಟ. ರಾಚಯ್ಯ ಕಂಬಿ ಹಿಡಿದು, ತಲೆ ಓರೆ ಮಾಡಿ ನಿಂತ. ನೀರಿನ ಸದ್ದಿಗೆ ಕಿವಿಗೊಟ್ಟ.

“ಮೂರು ಕವಲು. ನಡುವಿನದು ಬಂಡೆಗೆ ಬಡೀತದೆ. ಎಡಗಡೇದು ತೆಳ್ಳಗದೆ.”

ಗಾಳಿ ಬೀಸಿ ಮಂಜು ಒಂದು ಗಳಿಗೆ ಸರಿಯಿತು. ನಂಜೇಶ ಕಂಡ: ಮೂರು ಕವಲು, ಎಡಗಡೆಯದು ತೆಳ್ಳಗೆ. ರಾಚಯ್ಯನ ಕಣ್ಣಿನ ಕಿಟಕಿಯೊಳಗೆ ಮಾತ್ರ ಬರೀ ಬಿಳುಪು.

“ಸರೀನೇನ್ಲಾ?”

“ಸರಿಯಾಗದೆ ಕಣಪ್ಪ.”

ಇಳಿಯುವಾಗ ತಾನು ತಿರುಗಿಸಿದ ಝರಿಯ ಬಳಿ ಬಂದು ನೆಲ ಮುಟ್ಟಿ ನೋಡಿದ. ದಾರಿಯ ನೀರು ಇಂಗಿತ್ತು. ಅಲ್ಲಿಂದ ಮಗನ ಭುಜದ ಮೇಲೆ ಕೈಯಿಟ್ಟು, ತಾನಾಗಿಯೇ ಕಣ್ಣು ಮುಚ್ಚಿ ಒಂದೊಂದೇ ಹೆಜ್ಜೆ ಇಡತೊಡಗಿದ. ನಂಜೇಶ ನಡಿಗೆ ನಿಧಾನ ಮಾಡಿದ.