ತಟ್ಟಿದರೆ ಬರುತ್ತಿದ್ದ ಜೇಡ

ಪೆಟ್ಟಿಗೆಯ ಮುಚ್ಚಳ ತೆಗೆಯಲು ನಾನೇ ಹೇಳಿದೆನೋ, ಹಾಲೇಶ ತಾನಾಗಿಯೇ ತೆಗೆದನೋ, ಈಗ ಪ್ರಮಾಣ ಮಾಡಿ ಹೇಳಲಾರೆ. ‘ಕೈ ಹಾಕಬೇಡ’ ಎಂದು ಕೂಗಿದ ನನ್ನದೇ ದನಿ ಕಿವಿಯಲ್ಲಿದೆ. ಅದು ಅಂದಿನದೋ, ಆಮೇಲೆ ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡದ್ದೋ ಗೊತ್ತಿಲ್ಲ.

1979ರಲ್ಲಿ ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಹಾಲೇಶ ಪ್ರಯೋಗಾಲಯದ ಅಟೆಂಡರ್. ನ್ಯಾಮತಿ ಕಡೆಯವನು, ನನ್ನದೇ ವಯಸ್ಸು. ಜಗಳೂರಿನ ಬಳಿ ಹೊಲದ ಒಡ್ಡಿನ ಬಿಲದಲ್ಲಿ ಸಿಕ್ಕ ಟರಾಂಟುಲಾವನ್ನು, ಅಂದರೆ ಅಂಗೈಯಗಲದ ರೋಮದ ಜೇಡವನ್ನು, ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದೆವು. ನಾನು ಓದಿದ್ದ ಪುಸ್ತಕ ಅಮೆರಿಕದ ಜೇಡಗಳದ್ದು. ಅವು ಅಂಗೈ ಮೇಲೆ ಸಾಧುವಾಗಿ ಕೂರುತ್ತವೆ ಎಂದಿತ್ತು. ನಮ್ಮದೂ ಹಾಗೇ ಎಂದುಕೊಂಡೆ.

ಸಾಕುವುದು ನಾವು ನಿರೀಕ್ಷಿಸಿದಂತಿರಲಿಲ್ಲ. ಹಗಲೆಲ್ಲ ಅದು ಮಣ್ಣಿನೊಳಗೆ. ಒಮ್ಮೆ ಐದು ವಾರ ಏನೂ ತಿನ್ನಲಿಲ್ಲ. ಅಂಗಾತ ಬಿದ್ದಿದ್ದಾಗ ಸತ್ತಿತೆಂದು ಹಾಲೇಶ ಕಣ್ಣೊರೆಸಿಕೊಂಡ. ಅದು ಪೊರೆ ಕಳಚುತ್ತಿತ್ತು. ಹಾಲೇಶ ವಾರಕ್ಕೊಂದು ಮಿಡತೆ ಹಿಡಿದು ತಂದು, ಗಾಜನ್ನು ಬೆರಳಿನಿಂದ ಮೂರು ಸಲ ತಟ್ಟಿ ಒಳಗೆ ಬಿಡುತ್ತಿದ್ದ. ತಟ್ಟಿದೊಡನೆ ಜೇಡ ಹೊರನುಗ್ಗಿ, ಒದೆಯುತ್ತಿದ್ದ ಮಿಡತೆಯನ್ನು ಕಚ್ಚಿ, ಜಜ್ಜಿ, ಉಂಡೆ ಮಾಡಿ ಹೀರುತ್ತಿತ್ತು.

“ನನ್ನ ಗುರ್ತೈತ್ರೀ ಸರ್ ಇದಕ್ಕೆ. ನಿಮ್ಮ ಹುಡುಗ್ರು ಹಾಜರಿ ಕೂಗಿದ್ರೂ ಬರಂಗಿಲ್ಲ, ಇದು ತಟ್ಟಿದ್ರೆ ಸಾಕು.”

ನಾನು ನಕ್ಕೆ, ತಿದ್ದಲಿಲ್ಲ. ಕಂಪನವಾದರೆ ಬೇಟೆಯೆಂದು ಓಡಿಬರುತ್ತದೆ, ಅದಕ್ಕೆ ಯಾರ ಗುರುತೂ ಇರುವುದಿಲ್ಲ ಎಂಬುದು ಪಾಠ ಹೇಳುವವನಿಗೆ ಹೊಳೆಯಬೇಕಿತ್ತು.

ಅಂದು ಮಧ್ಯಾಹ್ನ ಹಾಲೇಶನ ಅಣ್ಣ ನಾಗಪ್ಪ ಬಂದ. ಚನ್ನಗಿರಿಯಲ್ಲೇ ಅಡಿಕೆ ಗೊನೆ ಕೊಯ್ಯುವ ಕೆಲಸ. ಕತ್ತಿ ಸೊಂಟದಲ್ಲೇ ಇತ್ತು.

“ಎಮ್ಮೆ ಸಾಕಾಕೆ ಆಗದೋನು ಹುಳ ಸಾಕ್ತಾನಂತೆ!” ಎಂದು ಕೆಣಕಿದ.

“ನೋಡ್ತಿರು, ಅಂಗೈ ಮ್ಯಾಲೆ ಕೂರುಸ್ತೀನಿ,” ಎಂದ ಹಾಲೇಶ.

ಮುಚ್ಚಳ ತೆರೆಯಿತು. ಹಾಲೇಶ ತೋರುಬೆರಳಿನಿಂದ ಒಳಗಿನ ಮಣ್ಣನ್ನೇ ತಟ್ಟಿದ. ಜೇಡ ಬಂದದ್ದು ಕಾಣಲಿಲ್ಲ. ಬೆರಳಿಗೆ ಜೋತುಬಿದ್ದದ್ದು ಕಂಡಿತು. ಅವನು ಕೈಯನ್ನು ಮೇಜಿಗೆ ಬಡಿದ, ಮತ್ತೆ ಬಡಿದ. ಜೇಡ ಸಿಡಿದು ಗೋಡೆ ಹತ್ತಿತು. ಬೆರಳಲ್ಲಿ ಎರಡು ತೂತು, ರಕ್ತ. ಹಾಲೇಶ ನೆಲಕ್ಕೆ ಬಿದ್ದು ಹೊರಳತೊಡಗಿದ.

ನಾಗಪ್ಪ ಅವನ ಕೈಯನ್ನು ಕಪ್ಪೆ ಕೊಯ್ಯುವ ಹಲಗೆಯ ಮೇಲೆಳೆದು ಕತ್ತಿ ತೆಗೆದ. ಆಸ್ಪತ್ರೆಗೆ ಹೋಗೋಣ ಎಂದೆ.

“ಅಪ್ಪಂಗೆ ಹಾವು ಕಡಿದಾಗ ಬಸ್ಸಿಗೆ ಕಾಯ್ಕಂತ ಕುಂತು, ಹೆಣ ಹೊತ್ಕಂಡು ಬಂದ್ವಿ. ಬೆರಳು ಹೋದ್ರೆ ಹೋಗ್ಲಿ, ತಮ್ಮ ಉಳೀಲಿ. ಇದ್ರ ವಿಷಕ್ಕೆ ಸಾಯಲ್ಲ ಅಂತ ಬರಕೊಡ್ತೀರೇನ್ರಿ? ಹೇಳ್ರಿ!”

ನನಗೆ ಗೊತ್ತಿರಲಿಲ್ಲ. ಎಂ.ಎಸ್ಸಿ. ಮುಗಿಸಿದವನಿಗೆ ತಾನೇ ಸಾಕಿದ ಪ್ರಾಣಿಯ ವಿಷ ಎಷ್ಟೆಂದು ಗೊತ್ತಿರಲಿಲ್ಲ.

“ಬ್ಯಾಡಣ್ಣ, ಬ್ಯಾಡೋ!” ಹಾಲೇಶ ಕಿರುಚುತ್ತಿದ್ದ. ಮೊದಲ ಏಟು ಮೂಳೆಗೆ ತಾಗಿ ಜಾರಿತು. ನಾನು ನಾಗಪ್ಪನ ಭುಜ ಹಿಡಿದು ಎಳೆದೆ ಎಂದು ನೆನಪು. ಎರಡನೆಯ ಏಟಿಗೆ ಬೆರಳು ಹಲಗೆಯಿಂದ ಉರುಳಿತು.

ಆಸ್ಪತ್ರೆಯಲ್ಲಿ ವೈದ್ಯರು ಗಾಯ ಹೊಲಿಯುತ್ತಲೇ ನನ್ನತ್ತ ತಿರುಗಿ, “ಬೆರಳಿದ್ದಿದ್ರೂ ಬದುಕ್ತಿದ್ದ ರೀ. ನಾಲ್ಕು ದಿನ ನೋವು, ಬಾವು, ಸೆಳೆತ. ಅಷ್ಟೇ,” ಎಂದರು.

ಇಂಥ ಜೇಡ ಸಾಕಬೇಕೆನ್ನುವವರು ಈಗಲೂ ನನ್ನನ್ನು ಕೇಳುತ್ತಾರೆ. ಗಾಜಿನ ಈಚೆಯಿಂದ ನೋಡಿ, ವರ್ಷಗಟ್ಟಲೆ ನೋಡಿ, ಪ್ರೀತಿ ಬಯಸಬೇಡಿ ಎನ್ನುತ್ತೇನೆ. ಕಚ್ಚಿದರೆ ಏನಾಗುತ್ತದೆಂದು ತಿಳಿಯದೆ ಯಾವ ಜೀವಿಯನ್ನೂ ಮನುಷ್ಯರಿರುವ ಕೋಣೆಗೆ ತರಬಾರದು. ನನ್ನ ಕೆಲಸ ನನಗೆ ಕಲಿಸಿದ್ದು ಅದನ್ನು.

1984ರಲ್ಲಿ ನನಗೆ ಹೊನ್ನಾಳಿಗೆ ವರ್ಗವಾಯಿತು. ಅಲ್ಲಿಂದ ನ್ಯಾಮತಿಗೆ ಹೋಗಿ, ಕೆಲಸ ಬಿಟ್ಟು ಊರು ಸೇರಿದ್ದ ಹಾಲೇಶನನ್ನು ಕಂಡೆ. ನಾನು ನಾಗಪ್ಪನನ್ನು ತಡೆದೆನಲ್ಲವೇ ಎಂದು ಕೇಳಿದೆ. ಅವನು ಚಹಾದ ಲೋಟ ಕೆಳಗಿಟ್ಟ.

“ಇಲ್ರೀ ಸರ್. ಮೊದಲ್ನೇ ಏಟು ಜಾರ್ತಲ್ಲ, ಆಮ್ಯಾಲೆ ನನ್ನ ಮುಂಗೈ ಅದುಮಿ ಹಿಡಿದೋರು ನೀವೇ.”

ನಾಗಪ್ಪನನ್ನು ಬೇರೆಯಾಗಿ ಕಂಡು ಕೇಳಿದೆ. ಅವನೂ ಅದನ್ನೇ ಹೇಳಿದ.